ಎಕ್ಸ್‌ಪ್ರೆಸ್ಸಿನ ಅಂಗಾಲು

ಕಳೆದ ವಾರ ಬೆಳಿಗ್ಗೆ ದೋಸೆ ಕಾವಲಿಯ ಮೇಲಿರುವಾಗಲೇ ಫೋನ್ ಬಂತು. ಕುಮಟಾ ಕಡೆಯ ಒಂದು ಸಣ್ಣ ಪಶು ಆಸ್ಪತ್ರೆಯಲ್ಲಿ ನನ್ನ ಸರ್ವಿಸಿನ ಕೊನೆಯ ವರ್ಷಗಳು ಕಳೆದವು. ಅದೇ ಕುರ್ಚಿಗೆ ಈ ವರ್ಷ ಹೊಸದಾಗಿ ಬಂದಿರುವವಳು ಡಾಕ್ಟರ್ ಸಹನಾ, ಮಾವಳ್ಳಿಯ ಹುಡುಗಿ. ಮಾತಾಡುವಾಗ ಅವಳಿಗೆ ಉಸಿರು ಸಾಲುವುದಿಲ್ಲ.

“ಮೇಡಂ, ಅಲಮಾರು ಕ್ಲೀನ್ ಮಾಡ್ತಿದ್ದೆ. ನಿಮ್ಮ ಕಾಲದ ಕೇಸ್ ರಿಜಿಸ್ಟರ್ ಸಿಕ್ತು. ಒಂದು ಪೇಜಲ್ಲಿ ‘ರೇಬೀಸ್’ ಅಂತ ಬರೆದು ಗೆರೆ ಹೊಡ್ದಿದ್ದೀರಿ. ಅದರ ಕೆಳಗೆ, ಸಹಿ ಮಾಡೋ ಜಾಗದಲ್ಲಿ, ನಾಯಿ ಹೆಜ್ಜೆ ಮೇಡಂ! ಇಂಕ್ ಪ್ಯಾಡಲ್ಲಿ ಒತ್ತಿದ್ದು! ಇದೆಂತ ಕತೆ?”

ನನ್ನ ಕೈಯ ಸಟ್ಟುಗ ನೆಲಕ್ಕೆ ಬಿತ್ತು. ದೋಸೆ ಸೀದಿತು. ಸೀಯಲಿ! ಆ ಪುಟ ಗೆದ್ದಲಿಗೆ ಹೋಗಿರಬೇಕು ಎಂದು ನಾನು ಎಂದೋ ಆಸೆ ಬಿಟ್ಟಿದ್ದೆ. ಅವತ್ತಿನಿಂದ ಕುಳಿತಲ್ಲಿ ಕುಳಿತಿಲ್ಲ. ಫೋನಿನಲ್ಲಿ ಅರ್ಧ ಹೇಳಿದೆ, ಉಳಿದರ್ಧ ಬರೆಯುತ್ತೇನೆ ಎಂದೆ. ಸಹನಾಳಿಗೆ ಮಾತ್ರವಲ್ಲ, ಅವಳ ಹಾಗೆ ಹೊಸ ಸ್ಟೆಥೊಸ್ಕೋಪು ಹಾಕಿಕೊಂಡು ಈ ಕರಾವಳಿಗೆ ಬರುವ ಎಲ್ಲರಿಗೂ.

ಭಟ್ಕಳದಲ್ಲಿ ಎಂಟು ವರ್ಷ, ಹೊನ್ನಾವರದಲ್ಲಿ ಒಂಬತ್ತು, ಆಮೇಲೆ ಕುಮಟಾ. ನನಗೆ ಪ್ರಮೋಷನ್ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದೆಲ್ಲ ನಿಮಗೆ ಬೇಡ. ಕಾಲೇಜಿನಲ್ಲಿ ನಾವು ಕಲಿತದ್ದು ಹಸು, ಎಮ್ಮೆ, ಆಡು, ಕೋಳಿ. ನಾಯಿ ಎಂದರೆ ಪೇಟೆ ಮನೆಗಳ ‘ಪೆಟ್’. ದುಡಿಯುವ ನಾಯಿ ಎಂಬುದೊಂದು ಇದೆ, ಅದಕ್ಕೆ ಕೂಲಿಯವರಿಗೆ ಬರುವ ನೋವುಗಳೇ ಬರುತ್ತವೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟದ್ದು ತದಡಿಯ ಒಂದು ಕಂದು ಹೆಣ್ಣುನಾಯಿ. ಹೆಸರು ಎಕ್ಸ್‌ಪ್ರೆಸ್.

ತದಡಿ ಬಂದರಿನ ಆಚೆ ಅಘನಾಶಿನಿ ಸಮುದ್ರ ಸೇರುವಲ್ಲಿ ಹೆಂಗಸರು ಮೀನು ಒಣಗಿಸುವ ಮರಳ ಬಯಲೊಂದಿತ್ತು. ಬೆಳಿಗ್ಗೆ ತಾರ್ಲೆ, ಬಂಗಡೆ, ಸಿಗಡಿ ಹರಡಿದರೆ ಸಂಜೆ ಬಾಚುವವರೆಗೆ ಅದು ಕಾಗೆ, ಹದ್ದು, ಬೀದಿನಾಯಿಗಳ ಪಾಲಾಗದ ಹಾಗೆ ಕಾಯಬೇಕು. ಕಾಯುತ್ತಿದ್ದವಳು ಎಕ್ಸ್‌ಪ್ರೆಸ್. ಈ ತುದಿಯಲ್ಲಿ ಕಾಗೆ ಇಳಿದರೆ ಈ ತುದಿಗೆ, ಆ ತುದಿಯಲ್ಲಿ ಹದ್ದು ಎರಗಿದರೆ ಆ ತುದಿಗೆ, ದಿನವಿಡೀ ಓಟ. ಅವಳಿಗೆ ಸರಪಳಿ ಇಲ್ಲ, ಯಜಮಾನರಿಲ್ಲ. ಮೂವತ್ತು ಮನೆಗಳ ನಾಯಿ ಅವಳು. ಅನ್ನ ಹಾಕುವುದು ಸರದಿಯ ಮೇಲೆ, ಇವತ್ತು ಈ ಮನೆ, ನಾಳೆ ಆ ಮನೆ. ಅಲ್ಲಿನ ಹೆಂಗಸರು ಅವಳನ್ನು ನಾಯಿ ಎಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಆಳು ಎಂದೇ ಹಿಡಿಯುತ್ತಿದ್ದರು.

ಮೊದಲ ಸಲ ಅವಳನ್ನು ಆಟೋದಲ್ಲಿ ಕರೆತಂದವಳು ಮಾದೇವಿ, ಆ ಬಯಲಿನ ಹೆಂಗಸರಿಗೆಲ್ಲ ಹಿರಿಯಳು, ಗಟ್ಟಿ ದನಿಯವಳು.

“ಡಾಕ್ಟ್ರಮ್ಮಾ, ನಮ್ಮ ಆಳಿನ ಕಾಲು ಕೊಯ್ದೋತು! ಬೆಳಚಿನ ಚಿಪ್ಪು ಹೊಕ್ತು ಕಾಣ್ತದೆ. ಬೇಗ ಹೊಲ್ದು ಕಳ್ಸಿ, ಅಲ್ಲಿ ಕಾಗೆ ಬಿದ್ದಾವೆ.”

ಕಪ್ಪೆಚಿಪ್ಪಿನ ಅಂಚು ತಾಗಿ ಮುಂಗಾಲಿನ ಹೊರಬೆರಳಿನ ಮೆತ್ತೆ ಅಡ್ಡಕ್ಕೆ ಸೀಳಿತ್ತು. ನನಗೋ ಉಮೇದು! ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಕಸೂತಿ ಕಲಿಸಿದ್ದರು, ನನ್ನ ಹೊಲಿಗೆಗೆ ಎರಡು ಸಲ ಪ್ರೈಜ್ ಬಂದಿತ್ತು. ನೂಲಿನಂಥ ತೆಳ್ಳನೆ ದಾರದಲ್ಲಿ ಐದು ಹೊಲಿಗೆ ಹಾಕಿದೆ, ಕರವಸ್ತ್ರದ ಅಂಚಿನ ಹಾಗೆ. ಮೂರನೆಯ ದಿನ ಐದೂ ಕಿತ್ತುಹೋಗಿ, ಗಾಯ ಮೀನಿನ ಬಾಯಿಯ ಹಾಗೆ ತೆರೆದುಕೊಂಡು ಮರಳು ತುಂಬಿಕೊಂಡು ವಾಪಸ್ ಬಂತು.

ನಮ್ಮ ಕಂಪೌಂಡರ್ ಭಟ್ಟರು ಘಟ್ಟದ ಬುಡದ ತೋಟದೂರಿನವರು. ನಗದೆ ನಗಿಸುವ ಜನ. ಗಾಯ ತೊಳೆಯುತ್ತ, “ಕಸೂತಿ ಚೊಲೋ ಇತ್ತು ಮೇಡಂ. ಆದ್ರೆ ನಾಯಿಗೆ ಚಂದ ಬೇಕಾಗಿತ್ತಿಲ್ಲೆ, ಗಟ್ಟಿ ಬೇಕಾಗಿತ್ತು” ಎಂದರು.

ಅವರು ಹೇಳಿದ್ದೇ ಸರಿ. ನಾಯಿ ಕಾಲೂರಿದಾಗಲೆಲ್ಲ ಅಂಗಾಲಿನ ಮೆತ್ತೆ ಅಗಲವಾಗುತ್ತದೆ. ತೆಳ್ಳನೆ ದಾರ ಅದನ್ನು ಬೆಣ್ಣೆಯಂತೆ ಕೊಯ್ಯುತ್ತದೆ. ಎರಡನೆಯ ಸಲ ದಪ್ಪ ದಾರ ತೆಗೆದುಕೊಂಡು, ಅಂಚಿನಿಂದ ದೂರ ಹೊಲಿದೆ. ಬೆರಳುಗಳ ನಡುವೆ ಹತ್ತಿ ಇಟ್ಟು ಮೆತ್ತಗೆ ದಪ್ಪಗೆ ಬ್ಯಾಂಡೇಜು ಸುತ್ತಿದೆ. ಎರಡು ವಾರ ಓಟ ಬಂದ್ ಎಂದೆ. ಎರಡು ವಾರ ಎಂದಾಗ ಮಾದೇವಿ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಗಾಯ ಮಾಯಿತು, ಆದರೆ ಕಲೆ ಸೊಟ್ಟಗೆ ಉಳಿಯಿತು. ಆ ಸೊಟ್ಟ ಕಲೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಎರಡನೆಯದು ಬೇಸಗೆಯ ಕೇಸು. ನಡುಮಧ್ಯಾಹ್ನ ಹೊನ್ನಪ್ಪನ ಫೋನು. ಹೊನ್ನಪ್ಪ ದೋಣಿಯವನು, ಮಾದೇವಿಯ ನೆರೆಮನೆಯವನು, ಸಿಟ್ಟು ಮೂಗಿನ ತುದಿಯಲ್ಲೇ. “ಅಮಾ, ಇಸ್ಪ್ರೇಸು ಬಿದ್ದೋತು. ನಾಲ್ಗೆ ನೇರ್ಲೆ ಹಣ್ಣಿನಾಂಗಾಗದೆ.” ಜೀಪಿನಲ್ಲಿ ಓಡಿದೆ. ಹೋಗಿ ನೋಡಿದರೆ ನಾಯಿ ಮೀನಿನ ಕ್ರೇಟಿನಲ್ಲಿ! ಕುತ್ತಿಗೆಯವರೆಗೂ ಪುಡಿ ಐಸು! ಪೇಟೆಗೆ ಕಳಿಸಲು ಬಂಗಡೆ ತುಂಬಿದ ಹಾಗೆ ತುಂಬಿಟ್ಟಿದ್ದ.

“ಏನು ಮಾಡಿದ್ದೀಯ ಹೊನ್ನಪ್ಪ! ಐಸ್ ಹಾಕಬಾರದು, ರಕ್ತನಾಳ ಮುದುಡುತ್ತದೆ!”

“ಮೀನು ಕೆಡ್ಬಾರ್ದು ಅಂದ್ರೆ ಐಸು ಹಾಕ್ತೇವೆ. ನಾಯಿ ಕೆಡ್ಬಾರ್ದು ಅಂದ್ರೆ ಎಂತ ಹಾಕೂದು ಅಮಾ, ಪಾಯ್ಸವಾ?”

ಸುತ್ತಲಿನ ಹೆಂಗಸರು ಗೊಳ್ಳೆಂದರು. ನಾನು ಐಸಿನಿಂದ ತೆಗೆಸಿ, ನೀರು ಹೊಯ್ದು, ಗಾಳಿ ಹಾಕಿ, ಜ್ವರ ನೋಡುತ್ತ ಕುಳಿತೆ. ಬದುಕಿದಳು. ಎರಡು ದಿನ ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ಹೋಗುತ್ತಿತ್ತು. ಮಿತಿಮೀರಿ ಓಡಿದ ನಾಯಿಯ ಮಾಂಸಖಂಡವೇ ಕರಗಿ ಹೀಗೆ ಹೋಗುತ್ತದೆ, ಮೂತ್ರಪಿಂಡಕ್ಕೆ ಅಪಾಯ. ಡ್ರಿಪ್ ಹಾಕಿ ಉಳಿಸಿಕೊಂಡೆವು. ಆಮೇಲೆ ಬಯಲಿನ ಮೂರು ಕಡೆ ನೆರಳಿನಲ್ಲಿ ಸಿಹಿನೀರಿನ ಮಡಿಕೆ ಇಡಿಸಿದೆ, ಹನ್ನೆರಡರಿಂದ ಮೂರರವರೆಗೆ ಅವಳಿಗೆ ರಜೆ ಮಾಡಿಸಿದೆ. ಆ ಹೊತ್ತಿನಲ್ಲಿ ಕಾಗೆ ಓಡಿಸಲು ಹೆಂಗಸರೇ ಸರದಿ ಹಾಕಿಕೊಂಡರು.

ಮೊನ್ನೆ ಸಹನಾ ಏನು ಹೇಳಿದಳು ಗೊತ್ತೇ? “ಮೇಡಂ, ಈಗ ನಮಗೆ ಕಲಿಸೋದು ಬೇರೆ. ಕೈಗೆ ಸಿಕ್ಕಿದ್ದರಲ್ಲಿ ಮೊದಲು ತಣ್ಣಗೆ ಮಾಡಿ, ಆಮೇಲೆ ಆಸ್ಪತ್ರೆ. ತಣ್ಣೀರಾದರೂ ಅಡ್ಡಿಯಿಲ್ಲ, ಜ್ವರ ಇಳಿದ ಕೂಡಲೇ ನಿಲ್ಲಿಸಿದರೆ ಆಯ್ತು.” ಅಂದರೆ ನಾನು ಬಂದು ತಲುಪುವಷ್ಟರಲ್ಲಿ ಅವಳ ಜೀವ ಉಳಿಸಿದ್ದು ಹೊನ್ನಪ್ಪನ ಕ್ರೇಟೇ ಇರಬೇಕು! ನಾನು ಬೈದದ್ದಕ್ಕೆ ಸಾರಿ ಹೇಳಲು ತದಡಿಗೆ ಒಮ್ಮೆ ಹೋಗಲೇಬೇಕು.

ಈಗ ಆ ಪುಟಕ್ಕೆ ಬರುತ್ತೇನೆ.

ಮಳೆಗಾಲ ಮುಗಿದು ಮೀನು ಒಣಗಿಸುವ ಕೆಲಸ ಆಗಷ್ಟೇ ಶುರುವಾಗಿತ್ತು. ಹೊನ್ನಪ್ಪ ಬೈಕಿನಲ್ಲಿ ಆಸ್ಪತ್ರೆಯ ಮೆಟ್ಟಿಲವರೆಗೂ ಬಂದ. “ಅಮಾ, ನಾಯಿಗೆ ಹುಚ್ಚು ಹಿಡ್ದದೆ. ಬೇಗ ಬರ್ರಾ!”

ಬಯಲಿನಲ್ಲಿ ಎಲ್ಲರೂ ದೂರ ದೂರ ನಿಂತಿದ್ದರು. ಕವುಚಿಹಾಕಿದ ಹಳೆಯ ದೋಣಿಯ ಅಡಿಯಲ್ಲಿ ಎಕ್ಸ್‌ಪ್ರೆಸ್. ಬಾಯಿಯಿಂದ ಜೊಲ್ಲು ಎಳೆಎಳೆಯಾಗಿ ಮರಳಿಗೆ ಇಳಿಯುತ್ತಿತ್ತು. ದವಡೆ ಜೋತಿತ್ತು. ಬೊಗಳಿದರೆ ಒಡಕು ದನಿ. ಯಾರೋ ಉದ್ದ ಕೋಲಿನಲ್ಲಿ ನೀರಿನ ಬಟ್ಟಲು ತಳ್ಳಿದರು. ಮೂತಿ ಇಟ್ಟವಳು ಕಿರುಚಿ ಹಿಂದೆ ಸರಿದಳು.

ಹೊನ್ನಾವರದಲ್ಲಿದ್ದಾಗ ನಾನು ರೇಬೀಸ್ ಆದ ಹಸುವೊಂದನ್ನು ನೋಡಿದ್ದೆ. ನೋಡಿದ ಮೇಲೆ ಆ ಭಯ ಮೈಯಿಂದ ಹೋಗುವುದಿಲ್ಲ. ಹತ್ತಡಿ ದೂರದಲ್ಲಿ ನಿಂತು, ಅಷ್ಟೂ ಜನರ ಎದುರು ನಾನು ಗಟ್ಟಿಯಾಗಿ ಹೇಳಿಬಿಟ್ಟೆ: “ರೇಬೀಸ್.”

‘ಇರಬಹುದು’ ಅನ್ನಲಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ರಿಜಿಸ್ಟರ್ ಇಟ್ಟು ಬರೆದೂಬಿಟ್ಟೆ. ಫೋನ್ ಮಾಡಿದರೆ ನಮ್ಮ ಮೇಲಿನ ಸಾಹೇಬರು, “ರಿಸ್ಕ್ ಬೇಡ ಮೇಡಂ, ಅಲ್ಲಿ ಮಕ್ಕಳು ಓಡಾಡ್ತಾರೆ. ಮುಗಿಸಿ” ಎಂದರು. ಹೊನ್ನಪ್ಪ ಆಗಲೇ ದೋಣಿಯ ಹುಟ್ಟು ಹಿಡಿದು ನಿಂತಿದ್ದ. ಅವನ ಆರು ವರ್ಷದ ಮೊಮ್ಮಗಳು ದಿನವೂ ಆ ನಾಯಿಯ ಕುತ್ತಿಗೆ ತಬ್ಬಿಕೊಂಡು ಆಡುವವಳು. ಆದರೆ ಅದೇ ನಾಯಿಯನ್ನು ಐಸಿನಲ್ಲಿಟ್ಟು ಬದುಕಿಸಿದವನೂ ಅವನೇ ಅಲ್ಲವೇ!

“ಹುಟ್ಟು ಕೆಳಗಿಡು ಹೊನ್ನಪ್ಪ, ನಾನು ಇಂಜೆಕ್ಷನ್ ಕೊಡುತ್ತೇನೆ” ಎಂದೆ. ಭಟ್ಟರು ತಲೆ ತಗ್ಗಿಸಿ ಸಿರಿಂಜು ತುಂಬತೊಡಗಿದರು.

ಅಷ್ಟರಲ್ಲಿ ಮಾದೇವಿ ಮುಂದೆ ಬಂದಳು. ಅಳಲಿಲ್ಲ, ಕೂಗಲಿಲ್ಲ. “ಆತು ಅಮಾ. ಹೋಗೂಕೆ ಮುಂಚೆ ಒಂದ್ ಗುಟುಕು ನೀರು ನಾನೇ ಬಿಡ್ತೆ. ನನ್ನ ಕೈಯಿಂದಾದ್ರೆ ಕುಡೀತದೆ.”

“ಹುಚ್ಚಾ ನಿಂಗೆ!” ಎಂದು ನಾನು ಅವಳ ಮಣಿಕಟ್ಟು ಹಿಡಿದೆಳೆದೆ. ಎಳೆದ ಕೈ ನನ್ನ ಕಣ್ಣೆದುರಿಗೇ ಬಂತು. ಹೆಬ್ಬೆರಳು, ತೋರುಬೆರಳ ತುದಿ ಡಾಂಬರಿನ ಹಾಗೆ ಕಪ್ಪು. ಸುತ್ತ ಚರ್ಮ ಬೊಬ್ಬೆಯೆದ್ದು ಸುಲಿಯುತ್ತಿತ್ತು.

“ಇದೆಂತ ಮಾದೇವಿ?”

“ಅದಾ? ಗೇರೆಣ್ಣೆ. ಹಿಮ್ಡಿ ಒಡ್ದದ್ದಕ್ಕೆ ಹಚ್ಚೂದಲ್ದಾ.”

ಗೇರುಬೀಜ ಸುಡುವಾಗ ಸಿಪ್ಪೆಯಿಂದ ಒಸರುವ ಕಪ್ಪೆಣ್ಣೆ ಅದು. ಹುಳ ಹಿಡಿಯಬಾರದೆಂದು ದೋಣಿಯ ತಳಕ್ಕೆ ಬಳಿಯುತ್ತಾರೆ. ಉಪ್ಪುಮರಳಲ್ಲಿ ನಡೆದು ಬಿರಿದ ಹಿಮ್ಮಡಿಗೆ ಈ ಕಡೆಯ ಹೆಂಗಸರು ಕಡ್ಡಿಯಿಂದ ಒಂದೊಂದೇ ತೊಟ್ಟು ಮುಟ್ಟಿಸುತ್ತಾರೆ. ದಪ್ಪ ಹಿಮ್ಮಡಿ ತಡೆದುಕೊಳ್ಳುತ್ತದೆ. ಮೆತ್ತನೆ ಚರ್ಮಕ್ಕೆ ತಾಗಿದರೆ ಬೆಂಕಿಯ ಹಾಗೆ ಸುಡುತ್ತದೆ.

“ಕೈಗೆ ಯಾಕೆ ಇಷ್ಟು ಹತ್ತಿತು? ಕಡ್ಡಿಯಲ್ಲಿ ಹಚ್ಚಲಿಲ್ಲವಾ?”

“ನನ್ನ ಕಾಲಿಗಲ್ಲ ಅಮಾ. ಅದರ ಕಾಲಿಗೆ. ಅದರ ಅಂಗಾಲು ನನ್ನ ಹಿಮ್ಡಿಗಿಂತ ಹೆಚ್ಚು ಒಡ್ದಿತ್ತು. ಮೊನ್ನೆ ನಾಲ್ಕೂ ಕಾಲಿಗೆ ತುಂಬಾ ಹಚ್ಚಿದೆ. ಆಳಲ್ದಾ, ನಂಗೆ ಬೇಕು ಅದ್ಕೆ ಬೇಡ್ವಾ?”

ಮನುಷ್ಯರು ಹಚ್ಚಿದ ಎಣ್ಣೆಯನ್ನು ನೆಕ್ಕುವುದಿಲ್ಲ. ನಾಯಿ ನೆಕ್ಕುತ್ತದೆ. ಜೊಲ್ಲು, ಜೋತ ದವಡೆ, ಒಡಕು ದನಿ, ನೀರು ತಾಗಿದರೆ ಕಿರುಚುವುದು: ಸುಟ್ಟ ಬಾಯಿಗೆ ಇದಿಷ್ಟೂ ಬರುತ್ತದೆ. ನಾನು ಬಗ್ಗಿ ದೋಣಿಯ ಅಡಿ ನೋಡಿದೆ. ಮೊದಲೇ ನೋಡಬೇಕಾಗಿದ್ದ ಆ ಕಾಲುಗಳು! ನಾಲ್ಕೂ ಅಂಗಾಲು ಕಪ್ಪಗೆ ಮಿರಮಿರ ಮಿಂಚುತ್ತಿದ್ದವು.

“ಭಟ್ಟರೇ, ಸಿರಿಂಜು ಚೆಲ್ಲಿ!”

“ಚೆಲ್ದೆ ಮೇಡಂ, ನೀವು ಹೇಳೂಕಿಂತ ಮೊದ್ಲೇ ಚೆಲ್ದೆ.”

ಆದರೆ ಹೊನ್ನಪ್ಪ ಹುಟ್ಟು ಇಳಿಸಲಿಲ್ಲ. “ಈಗ ಹುಚ್ಚು ಅಂದ್ರಿ. ಬರ್ದೂ ಆತು. ಈಗ ಅಲ್ಲ ಅಂತ್ರಿ. ಯಾವ ಡಾಕ್ಟ್ರನ್ನ ನಂಬೂದು ಅಮಾ ನಾವು? ಮೊದ್ಲಿನವ್ರನ್ನಾ, ಈಗಿನವ್ರನ್ನಾ?”

ಮೂವತ್ತು ವರ್ಷದ ಸರ್ವಿಸಿನಲ್ಲಿ ನನ್ನನ್ನು ಯಾರೂ ಇಷ್ಟು ಸರಿಯಾಗಿ ಕೇಳಿರಲಿಲ್ಲ. ಎಣ್ಣೆಯೂ ಇದ್ದು ರೇಬೀಸೂ ಇರಬಾರದೆಂದೇನಿಲ್ಲ. ತಪ್ಪಿದರೆ ಹೋಗುವುದು ಅವನ ಮೊಮ್ಮಗಳು, ನಾನಲ್ಲ.

“ಇಬ್ಬರನ್ನೂ ನಂಬಬೇಡ. ಹತ್ತು ದಿನ ಕಾಯಿ. ರೇಬೀಸಿನ ಲಕ್ಷಣ ತೋರಿಸಿದ ನಾಯಿ ಹತ್ತು ದಿನ ಬದುಕುವುದಿಲ್ಲ. ಮಗುವನ್ನು ಈ ಕಡೆ ಬಿಡಬೇಡ. ಬಾಗಿಲಲ್ಲಿ ನೀನೇ ಕೂರು.”

“ಹುಟ್ಟು ನನ್ನ ಕೈಲೇ ಇರ್ತದೆ” ಎಂದ ಹೊನ್ನಪ್ಪ.

ಸಾಹೇಬರಿಗೆ ಮತ್ತೆ ಫೋನ್ ಮಾಡಿ, ನಾನು ತಪ್ಪು ಹೇಳಿರಬಹುದು ಎಂದೆ. ಅವರು, “ಹತ್ತು ದಿನ. ಹನ್ನೊಂದನೇ ದಿನ ನಾನು ಫೋನ್ ಮಾಡೋದಿಲ್ಲ, ನೀವು ಮಾಡ್ತೀರಿ” ಎಂದರು. ಒಳ್ಳೆಯ ಮನುಷ್ಯರು.

ಹಸುವಿನ ಗರ್ಭ ನೋಡುವಾಗ ಹಾಕುವ ಭುಜದುದ್ದದ ಗ್ಲೌಸುಗಳನ್ನು ಭಟ್ಟರೂ ನಾನೂ ಎರಡೆರಡು ಹಾಕಿಕೊಂಡೆವು. ನಮಗಿಬ್ಬರಿಗೂ ಮೊದಲೇ ಲಸಿಕೆ ಆಗಿತ್ತು. ಬಲೆ ಹಾಕಿ ಹಿಡಿದು, ಮಂಪರಿನ ಮದ್ದು ಕೊಟ್ಟು, ತೆಂಗಿನೆಣ್ಣೆ ಸವರಿ ಆ ಕಪ್ಪನ್ನು ಕರಗಿಸಿ ಒರೆಸಿದೆವು. ಬರೀ ನೀರಿಗೆ ಅದು ಹೋಗುವುದಿಲ್ಲ. ಆಮೇಲೆ ಸೋಪು, ನೀರು. ಬಾಯನ್ನು ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆದು ನೋವಿನ ಇಂಜೆಕ್ಷನ್ ಕೊಟ್ಟೆವು. ಮಾದೇವಿಯನ್ನೂ ಹೊನ್ನಪ್ಪನ ಮೊಮ್ಮಗಳನ್ನೂ ಅದೇ ಜೀಪಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. “ಅದು ಕಚ್ಚೇ ಇಲ್ಲ, ನಂಗ್ಯಾಕೆ ಸೂಜಿ?” ಎಂದು ಮಾದೇವಿಯ ಜಗಳ. ಸುಲಿದ ಬೆರಳಿಗೆ ಜೊಲ್ಲು ತಾಗಿದರೂ ಸಾಕು. ಇದೊಂದರಲ್ಲಿ ನೀವು ಎಂದೂ ‘ಬಹುಶಃ ಬೇಡ’ ಅನ್ನಬೇಡಿ. ನಾನು ಅನ್ನಲಿಲ್ಲ.

ನಾಯಿಯನ್ನು ಖಾಲಿ ದೋಣಿಶೆಡ್ಡಿನಲ್ಲಿಟ್ಟು ಬಾಗಿಲಿಗೆ ಮೂರು ಪದರ ಬಲೆ ಕಟ್ಟಿದರು. ಹೊರಗೆ ಕುರ್ಚಿ, ಕುರ್ಚಿಯಲ್ಲಿ ಹೊನ್ನಪ್ಪ, ತೊಡೆಯ ಮೇಲೆ ಹುಟ್ಟು. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ನಾಲಿಗೆಯ ಸಿಪ್ಪೆ ಸುಲಿಯಿತು, ನೋಡಲಾಗುತ್ತಿರಲಿಲ್ಲ. ಡ್ರಿಪ್ಪಿನ ಮೇಲೆಯೇ ಇದ್ದಳು. ಮೂರನೆಯ ದಿನ ಎದ್ದು ನಿಲ್ಲಲಿಲ್ಲ. ನಾನು ಮನೆಗೆ ಬಂದು, ಕಾನ್ವೆಂಟ್ ಬಿಟ್ಟ ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಮೊಣಕಾಲೂರಿ ಕುಳಿತೆ. ಯಾವ ದೇವರಿಗೆ ಎಂದು ಕೇಳಬೇಡಿ.

ಅತ್ತ ಬಯಲಿನಲ್ಲಿ ಕಾಗೆಗಳಿಗೆ ಸುದ್ದಿ ಮುಟ್ಟಿತ್ತು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಮರಳಲ್ಲಿ ಓಡಿಯೇ ಓಡಿದರು. ಮಾದೇವಿ ಏದುಸಿರು ಬಿಡುತ್ತ, “ಅದು ದಿನಕ್ಕೆಷ್ಟು ಓಡ್ತಿತ್ತು ಅಂತ ಈಗ ಗೊತ್ತಾತು ಅಮಾ, ನನ್ನ ಮೊಣ್ಕಾಲಿಗೆ!” ಎಂದಳು.

ನಾಲ್ಕನೆಯ ದಿನ ಮಧ್ಯಾಹ್ನ ಹೊನ್ನಪ್ಪನ ಫೋನು. ಎತ್ತಿದರೆ ಮಾತೇ ಇಲ್ಲ. “ಹಲೋ? ಹೊನ್ನಪ್ಪ? ಏನಾಯ್ತು?” ಮತ್ತೂ ಮಾತಿಲ್ಲ. ಆಮೇಲೆ ಕಿವಿಗೆ ಏನೋ ಕೇಳಿಸಿತು. ಲಪ್, ಲಪ್, ಲಪ್, ಲಪ್.

“ಕೇಳ್ಸ್ತಾ ಅಮಾ?” ಎಂದ ಹೊನ್ನಪ್ಪ, ಪಿಸುದನಿಯಲ್ಲಿ. “ನೀರು ಕುಡೀತಾ ಅದೆ. ಜೋರು ಮಾತಾಡ್ಬೇಡಿ, ಬಿಟ್ಬಿಡ್ತದೆ.”

ಬಲೆಯ ಕಂಡಿಯಲ್ಲಿ ಫೋನು ತೂರಿಸಿ ಹಿಡಿದಿದ್ದನಂತೆ! ಸರ್ವಿಸಿನಲ್ಲಿ ನಾನು ಕೇಳಿದ ಸಂಗೀತ ಅದೊಂದೇ.

ಐದು, ಆರು, ಏಳು. ಗಂಜಿ ತಿಂದಳು. ಎಂಟನೆಯ ದಿನ ಬೊಗಳಿದಳು, ದನಿ ಇನ್ನೂ ಒಡಕು. ಹತ್ತು ಮುಗಿದು ಹನ್ನೊಂದನೆಯ ಬೆಳಿಗ್ಗೆ ನಾನು ಸಾಹೇಬರಿಗೆ ಫೋನ್ ಮಾಡಿ, ನೆಟ್ಟಗೆ ತದಡಿಗೆ ಹೋದೆ. ಬಲೆ ಬಿಚ್ಚಿದವನು ಹೊನ್ನಪ್ಪನೇ. ಎಕ್ಸ್‌ಪ್ರೆಸ್ ಹೊರಗೆ ಬಂದು ನನ್ನನ್ನೂ ನೋಡಲಿಲ್ಲ, ಮಾದೇವಿಯನ್ನೂ ನೋಡಲಿಲ್ಲ. ಬಯಲಿನಲ್ಲಿ ಕಾಗೆಯನ್ನು ಕಂಡಳು. ಕಿವಿ ನಿಮಿರಿತು.

“ಹಿಡೀರಿ! ಅಂಗಾಲು ಹೊಸತು, ಓಡಬಾರದು!” ಎಂದು ನಾನು ಕಿರುಚಿದೆ.

ಹೊನ್ನಪ್ಪ ಹುಟ್ಟು ಎಸೆದು ಅವಳನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿದ. ಅವನ ತೋಳಲ್ಲೇ ಅವಳು ಗಾಳಿಯಲ್ಲಿ ನಾಲ್ಕೂ ಕಾಲು ಓಡಿಸಿದಳು. ಅಷ್ಟೂ ಹೆಂಗಸರು ನಕ್ಕರು. ಹೊನ್ನಪ್ಪ ಮಾತ್ರ ಮುಖ ಆಚೆ ತಿರುಗಿಸಿಕೊಂಡಿದ್ದ.

ಅಂಗಾಲು ಪೂರ್ತಿ ಗಟ್ಟಿಯಾಗಲು ಮತ್ತೂ ಒಂದು ತಿಂಗಳು ಹಿಡಿಯಿತು. ಕೊನೆಯ ಚೆಕಪ್ಪಿನ ದಿನ ಹೊನ್ನಪ್ಪ, ಮಾದೇವಿ ಇಬ್ಬರೂ ಅವಳನ್ನು ಆಸ್ಪತ್ರೆಗೆ ತಂದರು.

“ಅವತ್ತು ಪುಸ್ತಕ್ದಲ್ಲಿ ಹುಚ್ಚು ಅಂತ ಬರ್ದಿದ್ರಲ್ಲ, ಅದನ್ನ ತೆಗೀರಿ” ಎಂದ ಹೊನ್ನಪ್ಪ.

ನಮ್ಮ ಸಿಸ್ಟರ್ ಕ್ಲಾಸಿನಲ್ಲಿ ರಬ್ಬರ್ ಇಡಲು ಬಿಡುತ್ತಿರಲಿಲ್ಲ. ತಪ್ಪಿದರೆ ಒಂದೇ ಒಂದು ಗೆರೆ, ಅಡಿಯ ಅಕ್ಷರ ಓದಲು ಬರುವ ಹಾಗೆ. ನಾನು ಹಾಗೇ ಗೆರೆ ಎಳೆದೆ. ಪಕ್ಕದಲ್ಲಿ ‘ಗೇರೆಣ್ಣೆ. ಅಂಗಾಲು ಮೊದಲು ನೋಡಲಿಲ್ಲ, ತಪ್ಪು ನನ್ನದು’ ಎಂದು ಬರೆದೆ. ಗುಣವಾದದ್ದಕ್ಕೆ ಯಜಮಾನರ ಸಹಿ ಬೇಕು, ಯಾರು ಹಾಕುತ್ತೀರಿ ಎಂದೆ. ಮಾದೇವಿ ಹೊನ್ನಪ್ಪನನ್ನು ನೋಡಿದಳು, ಅವನು ಇವಳನ್ನು. ಮೂವತ್ತು ಮನೆಯ ನಾಯಿ.

“ಸಂಬಂಧಪಟ್ಟವರೇ ಹಾಕ್ಲಿ” ಎಂದು ಭಟ್ಟರು ಇಂಕ್ ಪ್ಯಾಡನ್ನು ನೆಲದ ಮೇಲಿಟ್ಟರು. ಹೊನ್ನಪ್ಪ ಅವಳ ಮುಂಗಾಲನ್ನು ಹಿಡಿದು ಮೆತ್ತಗೆ ಒತ್ತಿಸಿದ. ಮಾದೇವಿ ಕೂಡಲೇ ಸೋಪು ಹಾಕಿ ತೊಳೆದಳು, ನೆಕ್ಕಬಾರದಲ್ಲ!

ಇಷ್ಟನ್ನೂ ಬರೆದು ನಿನ್ನೆ ಸಹನಾಳಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳ ಕಡೆಯಿಂದ ಪುಟ ತಿರುವುವ ಸದ್ದು ಬಂತು.

“ಮೇಡಂ, ಹೆಜ್ಜೆ ನೋಡ್ತಾ ಇದ್ದೇನೆ. ಎಲ್ಲ ಮೆತ್ತೆನೂ ತುಂಬಿ ಬಂದಿದೆ, ಒಂದು ಬಿರುಕಿಲ್ಲ. ಹೊರಬೆರಳಲ್ಲಿ ಮಾತ್ರ ಇಂಕ್ ಹಿಡಿಯದ ಒಂದು ಸಣ್ಣ ಗೆರೆ ಇದೆ, ಸೊಟ್ಟಗೆ. ಅದೇ ಕಲೆಯಾ?”

“ಅದು ನನ್ನ ಹೊಲಿಗೆ” ಎಂದೆ.